ಮಾನವದೇಹದ ಬ್ಯಾಕ್ಟೀರಿಯಾಗಳಲ್ಲಿ ಡಿಎನ್‌ಎ ಮಾರ್ಪಾಡು

ಡಿಎನ್‌ಎ ಎಳೆಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಕ್ರಮ ಕದಲದೆ ಇರುವಾಗಲೇ, ಅಲ್ಲಲ್ಲಿ ಒಂದೊಂದು ಅಕ್ಷರಕ್ಕೆ ಸಣ್ಣ ರಾಸಾಯನಿಕ ಗುಂಪು ಅಂಟಿಕೊಳ್ಳುವುದುಂಟು. ಎಳೆಯ ಬೆನ್ನೆಲುಬಿನಲ್ಲಿ ಒಂದು ಪರಮಾಣುವಿನ ಜಾಗಕ್ಕೆ ಇನ್ನೊಂದು ಬಂದು ಕೂರುವುದೂ ಉಂಟು. ಇವನ್ನೇ ಡಿಎನ್‌ಎ ಮಾರ್ಪಾಡುಗಳು ಎನ್ನುತ್ತಾರೆ. ಇದರಿಂದ ಜೀನ್ ಹೇಳುವ ಪ್ರೋಟೀನು ಬದಲಾಗುವುದಿಲ್ಲ. ಆ ಜೀನ್ ಈಗ ಕೆಲಸ ಮಾಡಬೇಕೋ ಸುಮ್ಮನಿರಬೇಕೋ, ಹೊರಗಿನಿಂದ ನುಗ್ಗಿದ ಡಿಎನ್‌ಎಯನ್ನು ಉಳಿಸಬೇಕೋ ತುಂಡರಿಸಬೇಕೋ, ಹೊಸ ಪ್ರತಿಯಲ್ಲಾದ ತಪ್ಪನ್ನು ಯಾವ ಎಳೆಯಲ್ಲಿ ತಿದ್ದಬೇಕೋ ಎಂಬ ತೀರ್ಮಾನಗಳು ಮಾತ್ರ ಈ ಗುಂಪುಗಳನ್ನು ನೋಡಿಕೊಂಡು ನಡೆಯುತ್ತವೆ.

ಎಪ್ಪತ್ತು ಕಿಲೋ ತೂಕದ ಒಬ್ಬ ಗಂಡಸಿನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಇಸ್ರೇಲಿನ ರಾನ್ ಮಿಲೊ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಬಾಯಿ, ಮೂಗು, ಚರ್ಮ, ಜನನಾಂಗಗಳಲ್ಲಿ ಉಳಿದವು. ಅಷ್ಟು ಇಕ್ಕಟ್ಟಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಎರಡು ಕಡೆಯಿಂದ ದಾಳಿಯನ್ನು ಎದುರಿಸುತ್ತದೆ. ಒಂದು, ಅದನ್ನು ಸೋಂಕಿಸುವ ಫೇಜ್ ವೈರಸ್ಸುಗಳು. ಇನ್ನೊಂದು, ನಮ್ಮ ರೋಗನಿರೋಧಕ ವ್ಯವಸ್ಥೆ. ಡಿಎನ್‌ಎ ಮಾರ್ಪಾಡು ಮೊದಲನೆಯ ದಾಳಿಗೆ ಉತ್ತರವಾಗಿ ಬೆಳೆದು, ಎರಡನೆಯದಕ್ಕೂ ಉಪಯೋಗಕ್ಕೆ ಬಂದ ಉಪಾಯ. ಕಾವಲಿಗೆಂದು ಇಟ್ಟ ಗುರುತು ಕ್ರಮೇಣ ಆಡಳಿತದ ಸಾಧನವೂ ಆಯಿತು ಎಂಬುದನ್ನು ನಮ್ಮ ಮೂಗು, ಜಠರ, ಕರುಳುಗಳ ಬ್ಯಾಕ್ಟೀರಿಯಾಗಳಷ್ಟು ಚೆನ್ನಾಗಿ ತೋರಿಸುವ ಜೀವಿಗಳು ಬೇರೆ ಇಲ್ಲ.

ರಾಸಾಯನಿಕ ಸ್ವರೂಪ

ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಾಗಿ ಕಾಣುವುದು ಮೀಥೈಲೀಕರಣ. ಒಂದು ಇಂಗಾಲ, ಮೂರು ಜಲಜನಕ ಸೇರಿದ ಮೀಥೈಲ್ ಗುಂಪು ಮೂರು ಜಾಗಗಳಲ್ಲಿ ಕೂಡಬಲ್ಲದು. ಅಡೆನೀನಿನ ಆರನೆಯ ಸ್ಥಾನದ ಸಾರಜನಕಕ್ಕೆ ಸೇರಿದರೆ 6-ಮೀಥೈಲ್ ಅಡೆನೀನ್. ಸೈಟೋಸೀನಿನ ನಾಲ್ಕನೆಯ ಸ್ಥಾನದ ಸಾರಜನಕಕ್ಕೆ ಸೇರಿದರೆ 4-ಮೀಥೈಲ್ ಸೈಟೋಸೀನ್. ಅದರ ಐದನೆಯ ಸ್ಥಾನದ ಇಂಗಾಲಕ್ಕೆ ಸೇರಿದರೆ 5-ಮೀಥೈಲ್ ಸೈಟೋಸೀನ್. ಮನುಷ್ಯರ ಡಿಎನ್‌ಎಯಲ್ಲಿ ಮುಖ್ಯವಾದದ್ದು ಮೂರನೆಯದು. ಬ್ಯಾಕ್ಟೀರಿಯಾಗಳಲ್ಲಿ ಮೊದಲನೆಯದರ ಪಾರಮ್ಯ. ಮೂರಕ್ಕೂ ಮೀಥೈಲನ್ನು ಒದಗಿಸುವ ಅಣು ಒಂದೇ, ಎಸ್-ಅಡೆನೊಸಿಲ್ ಮೀಥಿಯೋನೀನ್. ಅದರಿಂದ ಮೀಥೈಲನ್ನು ತೆಗೆದು ಡಿಎನ್‌ಎಗೆ ಕೂಡಿಸುವ ಕಿಣ್ವ ಮೀಥೈಲ್ ಟ್ರಾನ್ಸ್‌ಫರೇಸ್. ಪ್ರತಿಯೊಂದು ಕಿಣ್ವವೂ ನಾಲ್ಕರಿಂದ ಹತ್ತಾರು ಅಕ್ಷರಗಳ ಒಂದು ನಿರ್ದಿಷ್ಟ ಸಾಲನ್ನು ಹುಡುಕಿ, ಅದರೊಳಗಿನ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಮಾತ್ರ ಗುಂಪನ್ನು ಅಂಟಿಸುತ್ತದೆ. ಹಾಗೆ ಮಾಡುವಾಗ ಆ ಅಕ್ಷರವನ್ನು ಜೋಡಿಎಳೆಯಿಂದ ಹೊರಕ್ಕೆ ಹೊರಳಿಸಿ ತನ್ನ ಒಡಲಿನ ಕುಳಿಯೊಳಗೆ ಸೆಳೆದುಕೊಳ್ಳುತ್ತದೆ.

ಈ ರಸಾಯನದ ಇತಿಹಾಸ ಶುರುವಾಗುವುದೂ ಮನುಷ್ಯರ ದೇಹದಲ್ಲಿ ನೆಲೆಸುವ ಬ್ಯಾಕ್ಟೀರಿಯಾದಿಂದಲೇ. ಕ್ಷಯರೋಗಾಣುವಿನ ನ್ಯೂಕ್ಲಿಯಿಕ್ ಆಮ್ಲದಲ್ಲಿ 5-ಮೀಥೈಲ್ ಸೈಟೋಸೀನ್ ಇದೆಯೆಂದು ಟ್ರೀಟ್ ಜಾನ್ಸನ್ ಮತ್ತು ರಾಬರ್ಟ್ ಕಾಗ್‌ಹಿಲ್ 1925ರಲ್ಲೇ ಬರೆದರು. ಅದನ್ನು ಮತ್ತೆ ತೋರಿಸುವ ಪ್ರಯತ್ನಗಳು ಕೈಗೂಡಲಿಲ್ಲ, ಮಾತು ತೆರೆಮರೆಗೆ ಸರಿಯಿತು. 1948ರಲ್ಲಿ ರಾಲಿನ್ ಹಾಚ್‌ಕಿಸ್ ಕರುವಿನ ಥೈಮಸ್ ಗ್ರಂಥಿಯ ಡಿಎನ್‌ಎಯಲ್ಲಿ ಇದೇ ಅಕ್ಷರದ ಸುಳಿವು ಕಂಡರು. 1955ರಲ್ಲಿ ಡನ್ ಮತ್ತು ಸ್ಮಿತ್ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯಲ್ಲಿ 6-ಮೀಥೈಲ್ ಅಡೆನೀನನ್ನು ಗುರುತಿಸಿದರು. 4-ಮೀಥೈಲ್ ಸೈಟೋಸೀನ್ ಬೆಳಕಿಗೆ ಬಂದದ್ದು ತೀರ ತಡವಾಗಿ, 1983ರಲ್ಲಿ.

ಮೀಥೈಲಿಗಿಂತ ವಿಚಿತ್ರವಾದ ಇನ್ನೊಂದು ಮಾರ್ಪಾಡು ಗಂಧಕದ್ದು. ಡಿಎನ್‌ಎ ಬೆನ್ನೆಲುಬಿನ ಫಾಸ್ಫೇಟಿನಲ್ಲಿರುವ ಒಂದು ಆಮ್ಲಜನಕವನ್ನು ಸರಿಸಿ ಅಲ್ಲಿ ಗಂಧಕವನ್ನು ಕೂರಿಸಿದರೆ ಫಾಸ್ಫೊರೊಥಯೋಯೇಟ್ ಆಗುತ್ತದೆ. 1960ರ ದಶಕದಲ್ಲಿ ಜರ್ಮನಿಯ ಫ್ರಿಟ್ಸ್ ಎಕ್‌ಸ್ಟೈನ್ ಇದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದರು. ಡಿಎನ್‌ಎಯನ್ನು ಕೊರೆಯುವ ಕಿಣ್ವಗಳಿಗೆ ಅದು ಸುಲಭವಾಗಿ ಬಗ್ಗದಿರುವುದರಿಂದ ಔಷಧ ತಯಾರಿಕೆಗೂ ಬಂತು. ಪ್ರಕೃತಿಯಲ್ಲಿ ಅದು ಇದ್ದೀತೆಂದು ಯಾರೂ ಎಣಿಸಿರಲಿಲ್ಲ. 1988ರಲ್ಲಿ ಡೇವಿಡ್ ಹಾಪ್‌ವುಡ್, ದೆಂಗ್ ಜಿಶಿನ್ ಮತ್ತಿತರರು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಡಿಎನ್‌ಎ ಜೆಲ್ ಮೇಲೆ ಓಡಿಸುವಾಗ ತಾನಾಗಿ ಚೂರಾಗುವುದನ್ನು ವರದಿ ಮಾಡಿದರು. ಆ ಒಡಕಿಗೆ ಕಾರಣ ಗಂಧಕ ಎಂದು ಖಚಿತವಾದದ್ದು 2007ರಲ್ಲಿ, ಶಾಂಘೈಯ ದೆಂಗ್ ಮತ್ತು ಅಮೆರಿಕದ ಪೀಟರ್ ಡೆಡನ್ ಅವರ ತಂಡಗಳು ಒಟ್ಟಾಗಿ ದುಡಿದಾಗ. ಮನುಷ್ಯನ ಪ್ರಯೋಗಾಲಯ ಮೊದಲು ಮಾಡಿ, ಆಮೇಲೆ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಈ ಗಂಧಕ ಕರುಳಿನ ಇ. ಕೋಲಿ ಮತ್ತು ಸಾಲ್ಮೊನೆಲ್ಲಾಗಳ ಕೆಲವು ತಳಿಗಳಲ್ಲೂ ಇದೆ. ಸಾಲ್ಮೊನೆಲ್ಲಾದಲ್ಲೇ ಮೂರನೆಯ ಬಗೆಯೂ ದೊರೆತಿದೆ. ಅದರಲ್ಲಿ ಗ್ವಾನೀನಿನ ಉಂಗುರದ ಒಂದು ಸಾರಜನಕದ ಬದಲು ಇಂಗಾಲ ಇರುತ್ತದೆ.

ಗುರುತು ಮತ್ತು ಕತ್ತರಿ

ಮಾರ್ಪಾಡಿನ ಜೀವಶಾಸ್ತ್ರ ಹುಟ್ಟಿದ್ದು ಒಂದು ಗೋಜಲಿನಿಂದ. 1952ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮೇರಿ ಹ್ಯೂಮನ್, ಇ. ಕೋಲಿಯ ಕೆಲವು ತಳಿಗಳಲ್ಲಿ ಬೆಳೆದು ಹೊರಬಂದ ಫೇಜ್‌ಗಳು ಮಾಮೂಲಿ ಇ. ಕೋಲಿಯಲ್ಲಿ ಮತ್ತೆ ಬೆಳೆಯದಿರುವುದನ್ನು ಕಂಡರು. ಆದರೆ ಆ ಫೇಜ್‌ಗಳು ಸತ್ತಿರಲಿಲ್ಲ, ಆಮಶಂಕೆಯ ಶಿಗೆಲ್ಲಾದಲ್ಲಿ ಸಲೀಸಾಗಿ ಬೆಳೆದವು. ಮರುವರ್ಷ ಬರ್ಟಾನಿ ಮತ್ತು ವೈಗಲ್ ಬೇರೆ ಫೇಜ್‌ಗಳಲ್ಲೂ ಇಂಥದೇ ನಡವಳಿಕೆ ನೋಡಿದರು. ವೈರಸ್ಸಿನ ಜೀನ್‌ಗಳು ಬದಲಾಗಿಲ್ಲ, ಆದರೂ ಅದು ಕೊನೆಯದಾಗಿ ಬೆಳೆದ ಮನೆಯ ಗುರುತನ್ನು ಹೊತ್ತು ತಿರುಗುತ್ತಿತ್ತು. ಆ ಗುರುತು ಇರುವುದು ಡಿಎನ್‌ಎಯ ಮೇಲೆಯೇ ಎಂದು 1962ರಲ್ಲಿ ಜಿನೀವಾದ ವರ್ನರ್ ಆರ್ಬರ್ ಮತ್ತು ಡೇಸಿ ಡುಸ್ವಾ ತೋರಿಸಿದರು. ಅದಕ್ಕೆ ಮೀಥಿಯೋನೀನ್ ಬೇಕು, ಅಂದರೆ ಅದು ಮೀಥೈಲ್ ಆಗಿರಬೇಕು ಎಂಬ ನಿರ್ಣಯಕ್ಕೆ ಆರ್ಬರ್ ಕೆಲವೇ ವರ್ಷಗಳಲ್ಲಿ ಬಂದರು.

ಬ್ಯಾಕ್ಟೀರಿಯಾ ಒಂದೇ ಅಕ್ಷರಸಾಲಿಗೆ ಎರಡು ಕಿಣ್ವಗಳನ್ನು ಸಾಕಿಕೊಂಡಿರುತ್ತದೆ. ಒಂದು ಆ ಸಾಲಿನ ಮೇಲೆ ಮೀಥೈಲ್ ಗುರುತು ಹಾಕುತ್ತದೆ. ಇನ್ನೊಂದು, ಗುರುತಿಲ್ಲದ ಅದೇ ಸಾಲು ಸಿಕ್ಕರೆ ಕತ್ತರಿಸುತ್ತದೆ. ಬಯಲಲ್ಲಿ ಹಲವು ಹಿಂಡುಗಳು ಬೆರೆತು ಮೇಯುವಾಗ ಕುರುಬರು ತಮ್ಮ ಕುರಿಗಳ ಬೆನ್ನಿಗೆ ಬಣ್ಣ ಬಳಿದಿರುವಂತೆ, ಸ್ವಂತ ಡಿಎನ್‌ಎ ಈ ಗುರುತಿನಿಂದಲೇ ಪಾರಾಗುತ್ತದೆ. ನುಗ್ಗಿದ ಫೇಜ್‌ನ ಡಿಎನ್‌ಎಗೆ ಗುರುತಿಲ್ಲ, ಅದು ತುಂಡಾಗುತ್ತದೆ. ಹಾಗೂ ಯಾವುದೋ ಒಂದು ಫೇಜ್ ಕತ್ತರಿಗೆ ಸಿಗುವ ಮೊದಲೇ ಗುರುತು ಪಡೆದುಬಿಟ್ಟರೆ, ಅದರ ಸಂತಾನ ಆ ತಳಿಯನ್ನೆಲ್ಲ ನಿರಾತಂಕವಾಗಿ ಸೋಂಕಿಸುತ್ತದೆ.

ಕತ್ತರಿಸುವ ಕಿಣ್ವವನ್ನು ಪ್ರತ್ಯೇಕಿಸಿ, ಅದು ಖಚಿತವಾದ ಜಾಗದಲ್ಲಿ ಕೊಯ್ಯುತ್ತದೆಂದು ಮೊದಲು ತೋರಿಸಿದವರು ಹ್ಯಾಮಿಲ್ಟನ್ ಸ್ಮಿತ್ ಮತ್ತು ಕೆಂಟ್ ವಿಲ್ಕಾಕ್ಸ್. ಅದು 1970ರಲ್ಲಿ ಹೀಮೊಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದಿಂದ ಬಂತು. ಇದು ನಮ್ಮ ಮೂಗು-ಗಂಟಲಿನ ಖಾಯಂ ನಿವಾಸಿ. ಇನ್‌ಫ್ಲುಯೆಂಜಾ ಜ್ವರಕ್ಕೆ ಇದೇ ಕಾರಣವೆಂದು 1892ರಲ್ಲಿ ರಿಚರ್ಡ್ ಫೈಫರ್ ತಪ್ಪಾಗಿ ಭಾವಿಸಿದ್ದರಿಂದ ಆ ಹೆಸರು ಉಳಿದುಕೊಂಡಿದೆ. ಡೇನಿಯಲ್ ನೇಥನ್ಸ್ ಅದೇ ಕಿಣ್ವದಿಂದ ಎಸ್‌ವಿ-40 ವೈರಸ್ಸಿನ ಡಿಎನ್‌ಎಯನ್ನು ತುಂಡುಮಾಡಿ ನಕ್ಷೆ ಬಿಡಿಸಿದರು. ಆರ್ಬರ್, ಸ್ಮಿತ್, ನೇಥನ್ಸ್ ಮೂವರಿಗೂ 1978ರಲ್ಲಿ ನೊಬೆಲ್ ಬಂತು. ಜೀನ್ ತಂತ್ರಜ್ಞಾನದ ಪೆಟ್ಟಿಗೆಯಲ್ಲಿರುವ ಕತ್ತರಿಗಳ ಹೆಸರುಗಳನ್ನು ನೋಡಿದರೆ ಮನುಷ್ಯರ ದೇಹದ ವಾಸಿಗಳ ಪಟ್ಟಿಯನ್ನೇ ಓದಿದಂತಾಗುತ್ತದೆ. ಇಕೋಆರ್-1 ಇ. ಕೋಲಿಯದು, ಹಿಂಡ್-3 ಹೀಮೊಫಿಲಸ್‌ನದು, ಕೆಪಿಎನ್-1 ಕ್ಲೆಬ್ಸಿಯೆಲ್ಲಾ ನ್ಯೂಮೊನಿಯೆಯದು, ಪಿಎಸ್‌ಟಿ-1 ಪ್ರಾವಿಡೆನ್ಸಿಯಾ ಸ್ಟುವರ್ಟಿಯದು. ಇವುಗಳಲ್ಲಿ ಕೆಪಿಎನ್-1 ಕತ್ತರಿಸುವ ಬಗೆ ಉಳಿದ ಬಹುಪಾಲು ಕಿಣ್ವಗಳಂತಲ್ಲ, ಅದು ಬೇರೆ ಕುಟುಂಬಕ್ಕೆ ಸೇರಿದ್ದು ಎಂದು ಕಂಡುಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಮತ್ತು ಅವರ ವಿದ್ಯಾರ್ಥಿಗಳು.

ಗುರುತು ಮತ್ತು ಕತ್ತರಿಯ ಸಂಬಂಧ ಯಾವಾಗಲೂ ಇಷ್ಟು ನೇರವಲ್ಲ. ನ್ಯುಮೋನಿಯಾ ತರುವ ಸ್ಟ್ರೆಪ್ಟೊಕಾಕಸ್‌ನ ಕೆಲವು ತಳಿಗಳಲ್ಲಿ ಡಿಪಿಎನ್-2 ಇದೆ, ಅದು ಗುರುತಿಲ್ಲದ ಜಿಎಟಿಸಿ ಸಾಲನ್ನು ಕತ್ತರಿಸುತ್ತದೆ. ಬೇರೆ ತಳಿಗಳಲ್ಲಿ ಡಿಪಿಎನ್-1 ಇದೆ, ಅದು ಮೀಥೈಲ್ ಗುರುತು ಇರುವ ಜಿಎಟಿಸಿಯನ್ನೇ ಹುಡುಕಿ ಕತ್ತರಿಸುತ್ತದೆ. ಎಪ್ಪತ್ತರ ದಶಕದಲ್ಲಿ ಸ್ಯಾನ್‌ಫರ್ಡ್ ಲ್ಯಾಕ್ಸ್ ಮತ್ತು ಬಿಲ್ ಗ್ರೀನ್‌ಬರ್ಗ್ ಇದನ್ನು ಬಿಡಿಸಿ ತೋರಿಸಿದರು. ಒಂದು ಗಂಟಲಿನಲ್ಲಿ ಎರಡೂ ಬಗೆಯ ತಳಿಗಳು ಬೆರೆತಿದ್ದಾಗ ಒಂದರಲ್ಲಿ ಬೆಳೆದ ಫೇಜ್ ಇನ್ನೊಂದಕ್ಕೆ ದಾಟಲಾರದು.

ಫೇಜ್‌ಗಳೂ ಸುಮ್ಮನಿರಲಿಲ್ಲ. ಇ. ಕೋಲಿಯನ್ನು ಕೊಲ್ಲುವ ಟಿ-4 ಫೇಜ್ ತನ್ನ ಡಿಎನ್‌ಎಯ ಸೈಟೋಸೀನನ್ನೆಲ್ಲ ಮಾರ್ಪಡಿಸಿ ಅದರ ಮೇಲೆ ಗ್ಲೂಕೋಸ್ ಹೊದಿಸಿಕೊಳ್ಳುತ್ತದೆ. ಲೂರಿಯಾ ಅವರ ಗೋಜಲಿನ ಬೇರು ಇದ್ದದ್ದೂ ಅಲ್ಲೇ, ಆ ತಳಿಗಳಲ್ಲಿ ಗ್ಲೂಕೋಸ್ ಹೊದಿಕೆ ತಪ್ಪಿಹೋಗುತ್ತಿತ್ತು. ಮ್ಯೂ ಎಂಬ ಫೇಜ್ ಅಡೆನೀನಿಗೆ ಮೀಥೈಲಿಗಿಂತ ದಪ್ಪದಾದ ಅಸಿಟಮೈಡೊ ಗುಂಪನ್ನು ಅಂಟಿಸುತ್ತದೆ. ಆ ಕೆಲಸದ ಜೀನ್‌ನ ಹೆಸರು ಮಾಮ್. ಅದು ಬೇಕೆಂದಾಗ ಮಾತ್ರ ಹೇಗೆ ಎಚ್ಚರಗೊಳ್ಳುತ್ತದೆ ಎಂಬುದನ್ನು ವರ್ಷಗಟ್ಟಲೆ ಬಿಡಿಸಿದ್ದೂ ನಾಗರಾಜ ಅವರ ಬೆಂಗಳೂರಿನ ಪ್ರಯೋಗಾಲಯವೇ. ಇಲ್ಲಿ ಒಂದು ಸೊಗಸಿದೆ. ಮಾಮ್ ಜೀನ್ ಶುರುವಾಗುವ ಜಾಗದ ಜಿಎಟಿಸಿಗಳಿಗೆ ಬ್ಯಾಕ್ಟೀರಿಯಾದ ಮೀಥೈಲ್ ಬೀಳದ ಹೊರತು ಅದು ಎಚ್ಚರಗೊಳ್ಳುವುದಿಲ್ಲ. ಆತಿಥೇಯ ಕೋಶದ ಗುರುತನ್ನೇ ಮೆಟ್ಟಿಲಾಗಿಸಿಕೊಂಡು ವೈರಸ್ಸು ತನ್ನ ಗುರುತನ್ನು ಹಾಕಿಕೊಳ್ಳುತ್ತದೆ.

ಕತ್ತರಿಯಿಲ್ಲದ ಗುರುತು

ಇ. ಕೋಲಿಯಲ್ಲಿ ಜೊತೆಗೆ ಕತ್ತರಿಯೇ ಇಲ್ಲದ ಒಂಟಿ ಮೀಥೈಲ್ ಕಿಣ್ವವೊಂದಿದೆ. ಅದರ ಹೆಸರು ಡ್ಯಾಮ್. ಜಿಎಟಿಸಿ ಎಂಬ ಸಾಲು ಎಲ್ಲೇ ಬರಲಿ, ಅದರ ಅಡೆನೀನಿಗೆ ಡ್ಯಾಮ್ ಮೀಥೈಲ್ ಅಂಟಿಸುತ್ತದೆ. ಇ. ಕೋಲಿಯ ಸುಮಾರು 46 ಲಕ್ಷ ಅಕ್ಷರಜೋಡಿಗಳಲ್ಲಿ ಇಂಥ ಜಾಗಗಳು ಸುಮಾರು 19 ಸಾವಿರ. ಜಿಎಟಿಸಿಯನ್ನು ಎದುರು ಎಳೆಯಲ್ಲಿ ಓದಿದರೂ ಜಿಎಟಿಸಿಯೇ, ಹೀಗಾಗಿ ಎರಡೂ ಎಳೆಗಳಿಗೆ ಗುರುತು ಬೀಳುತ್ತದೆ.

ಡಿಎನ್‌ಎ ನಕಲಾದ ಕ್ಷಣದಲ್ಲಿ ಹಳೆಯ ಎಳೆಗೆ ಗುರುತಿರುತ್ತದೆ, ಹೊಸದಕ್ಕೆ ಇನ್ನೂ ಇರುವುದಿಲ್ಲ. ಈ ಅರೆಗುರುತಿನ ಸ್ಥಿತಿ ಹೆಚ್ಚಿನ ಕಡೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಆದರೆ ಕೋಶಕ್ಕೆ ಆ ಅವಧಿ ಸಾಕು. ನಕಲಿನಲ್ಲಿ ತಪ್ಪು ಜೋಡಿ ಬಿದ್ದಿದ್ದರೆ ಮ್ಯೂಟ್-ಎಸ್ ಪ್ರೋಟೀನು ಅದನ್ನು ಹಿಡಿಯುತ್ತದೆ, ಮ್ಯೂಟ್-ಎಲ್ ಸುದ್ದಿ ಮುಟ್ಟಿಸುತ್ತದೆ, ಮ್ಯೂಟ್-ಎಚ್ ಗುರುತಿಲ್ಲದ ಎಳೆಯನ್ನು ಸೀಳುತ್ತದೆ. ತಪ್ಪಿರುವುದು ಹೊಸ ಪ್ರತಿಯಲ್ಲಿ, ಮೂಲದಲ್ಲಲ್ಲ ಎಂಬುದನ್ನು ಕೋಶ ತಿಳಿಯುವ ದಾರಿ ಇದೊಂದೇ. ಡ್ಯಾಮ್ ಕೆಟ್ಟ ಇ. ಕೋಲಿಯಲ್ಲಿ ರೂಪಾಂತರಗಳು ಏರುತ್ತವೆ. ನಕಲು ಶುರುವಾಗುವ ಜಾಗದಲ್ಲಂತೂ ಹನ್ನೊಂದು ಜಿಎಟಿಸಿಗಳು ಒತ್ತೊತ್ತಾಗಿ ಕೂತಿವೆ. ನಕಲು ಶುರುವಾದ ಕೂಡಲೇ ಸೆಕ್-ಎ ಎಂಬ ಪ್ರೋಟೀನು ಈ ಅರೆಗುರುತಿನ ಜಾಗವನ್ನು ಮುಚ್ಚಿಹಾಕಿ, ಒಂದು ತಲೆಮಾರಿನ ಕಾಲದ ಮೂರನೆಯ ಒಂದು ಭಾಗದಷ್ಟು ಹೊತ್ತು ಹಾಗೇ ಇಡುತ್ತದೆ. ಹೀಗಾಗಿ ಒಂದು ನಕಲು ಮುಗಿಯುವ ಮುಂಚೆ ಅವೇಳೆಯಲ್ಲಿ ಇನ್ನೊಂದು ಶುರುವಾಗುವುದಿಲ್ಲ.

ಡ್ಯಾಮ್ ಗುರುತು ರೋಗಕ್ಕೂ ನಂಟಾಗಿರುವುದಕ್ಕೆ ಪ್ಯಾಪ್ ಎಳೆಗಳು ಒಳ್ಳೆಯ ನಿದರ್ಶನ. ಮೂತ್ರನಾಳದ ಸೋಂಕು ತರುವ ಇ. ಕೋಲಿ ತನ್ನ ಮೈಮೇಲೆ ಕೂದಲಿನಂಥ ಎಳೆಗಳನ್ನು ಬೆಳೆಸಿ ಮೂತ್ರಪಿಂಡದ ಕೋಶಗಳಿಗೆ ಅಂಟಿಕೊಳ್ಳುತ್ತದೆ. ಆ ಎಳೆಗಳು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೂ ಬೇಗ ಬೀಳುತ್ತವೆ. ಆದ್ದರಿಂದ ಒಂದೇ ತಾಯಿಯ ಸಂತತಿಯಲ್ಲಿ ಕೆಲವು ಕೋಶಗಳು ಎಳೆಗಳನ್ನು ಬೆಳೆಸುತ್ತವೆ, ಕೆಲವು ಬೆಳೆಸುವುದಿಲ್ಲ. ಪ್ಯಾಪ್ ಜೀನ್ ಮುಂದಿನ ಎರಡು ಜಿಎಟಿಸಿಗಳಲ್ಲಿ ಹತ್ತಿರದ್ದಕ್ಕೆ ಮೀಥೈಲ್ ಇದ್ದು ದೂರದ್ದಕ್ಕೆ ಇಲ್ಲದಿದ್ದರೆ ಜೀನ್ ತೆರೆದಿರುತ್ತದೆ. ಗುರುತು ಅದಲುಬದಲಾದರೆ ಮುಚ್ಚಿಕೊಳ್ಳುತ್ತದೆ. ಎಲ್‌ಆರ್‌ಪಿ ಎಂಬ ಪ್ರೋಟೀನು ಯಾವ ಕಡೆ ಕೂತಿದೆಯೋ ಆ ಕಡೆಗೆ ಡ್ಯಾಮ್ ತಲುಪಲಾರದು, ಈ ಪೈಪೋಟಿಯೇ ಸ್ವಿಚ್ಚು. ಡೇವಿಡ್ ಲೋ ಮತ್ತು ಸಂಗಡಿಗರು ಬಿಡಿಸಿದ ಈ ಏರ್ಪಾಡಿನಲ್ಲಿ ಡಿಎನ್‌ಎ ಅಕ್ಷರ ಒಂದೂ ಬದಲಾಗುವುದಿಲ್ಲ, ಆದರೂ ಸ್ಥಿತಿ ತಾಯಿಯಿಂದ ಮಗಳಿಗೆ ಸಾಗುತ್ತದೆ. 1999ರಲ್ಲಿ ಲೋ, ಮೈಕೆಲ್ ಮಹಾನ್ ಮತ್ತಿತರರು ಸಾಲ್ಮೊನೆಲ್ಲಾದ ಡ್ಯಾಮ್ ಜೀನನ್ನು ಅಳಿಸಿದಾಗ ಅದು ಇಲಿಗಳನ್ನು ಕೊಲ್ಲುವ ಶಕ್ತಿ ಕಳೆದುಕೊಂಡಿತು. ಅಷ್ಟೇ ಅಲ್ಲ, ಆ ಇಲಿಗಳು ಮುಂದೆ ನಿಜವಾದ ಸಾಲ್ಮೊನೆಲ್ಲಾ ಸೋಂಕನ್ನೂ ತಡೆದುಕೊಂಡವು.

ಮೂಗು, ಗಂಟಲು, ಕಿವಿ

ಹೀಮೊಫಿಲಸ್ ಈ ತಂತ್ರವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದೆ. ಅದರ ಮಾಡ್ ಎಂಬ ಮೀಥೈಲ್ ಕಿಣ್ವದ ಜೀನ್‌ನಲ್ಲಿ ನಾಲ್ಕಕ್ಷರದ ಒಂದು ತುಣುಕು ಸಾಲಾಗಿ ಹಲವು ಬಾರಿ ಬರುತ್ತದೆ. ನಕಲು ಮಾಡುವ ಕಿಣ್ವ ಇಂಥ ಪುನರುಕ್ತಿಯಲ್ಲಿ ಎಡವುತ್ತದೆ, ಒಂದು ತುಣುಕು ಹೆಚ್ಚುತ್ತದೆ ಅಥವಾ ಕಳೆಯುತ್ತದೆ. ಜೀನ್ ಅನ್ನು ಕೋಶ ಮೂರು ಮೂರು ಅಕ್ಷರಗಳಾಗಿ ಓದುವುದರಿಂದ, ನಾಲ್ಕು ಅಕ್ಷರ ಹೆಚ್ಚುಕಡಿಮೆಯಾದರೆ ಮುಂದಿನ ಓದೆಲ್ಲ ತಪ್ಪಿ ಕಿಣ್ವವೇ ಹುಟ್ಟುವುದಿಲ್ಲ. ಮತ್ತೊಂದು ಎಡವಿನಿಂದ ಅದು ಮರಳಿ ಬರಬಹುದು. ಈ ಒಂದು ಕಿಣ್ವ ಬಂದುಹೋಗುವುದರ ಜೊತೆಗೇ ಜೀನೋಮಿನುದ್ದಕ್ಕೂ ಅದರ ಗುರುತುಗಳು ಬಂದುಹೋಗುತ್ತವೆ. ಗುರುತನ್ನು ಅವಲಂಬಿಸಿದ ಹಲವಾರು ಜೀನ್‌ಗಳ ಕೆಲಸ ಒಮ್ಮೆಲೇ ಬದಲಾಗುತ್ತದೆ. 2005ರಲ್ಲಿ ಯೋಗಿತಾ ಶ್ರೀಖಂಟ, ಮೈಕೆಲ್ ಜೆನ್ನಿಂಗ್ಸ್ ಮತ್ತಿತರರು ಹೀಗೆ ಒಟ್ಟಾಗಿ ಹೊರಳುವ ಜೀನ್‌ಗಳ ಗುಂಪಿಗೆ ಫೇಸ್‌ವೇರಿಯಾನ್ ಎಂದು ಹೆಸರಿಟ್ಟರು. ಗೊನೊರಿಯಾ ಮತ್ತು ಮಿದುಳುಪೊರೆಯ ಉರಿಯೂತ ತರುವ ನೈಸೀರಿಯಾಗಳಲ್ಲಿ, ಮೊರಾಕ್ಸೆಲ್ಲಾದಲ್ಲಿ, ಹೆಲಿಕೋಬ್ಯಾಕ್ಟರ್‌ನಲ್ಲಿ ಇದೇ ಬಗೆಯ ಸ್ವಿಚ್ಚುಗಳು ಸಿಕ್ಕವು. ಇವೆಲ್ಲ ಮನುಷ್ಯರ ಲೋಳೆಪೊರೆಗೆ ಒಗ್ಗಿದ ಬ್ಯಾಕ್ಟೀರಿಯಾಗಳು. ಇದು ಕಾಕತಾಳೀಯವಾಗಿರಲಾರದು. ಬದಲಾಗುತ್ತಲೇ ಇರುವ ರೋಗನಿರೋಧಕ ಒತ್ತಡವಿರುವ ಕಡೆಯಲ್ಲಿ, ಒಂದೇ ತಳಿಯೊಳಗೆ ಹಲವು ಮುಖಗಳನ್ನು ಸಿದ್ಧವಾಗಿಟ್ಟುಕೊಳ್ಳುವ ಬ್ಯಾಕ್ಟೀರಿಯಾಗಳೇ ಉಳಿದುಬಂದಿವೆ.

ಚಿಂಚಿಲ್ಲಾ ಎಂಬ ದಂಶಕದ ನಡುಗಿವಿಗೆ, ಮಾಡ್ ಜೀನಿನ ಒಂದು ರೂಪವಾದ ಮಾಡ್-ಎ2 ಮುಚ್ಚಿದ್ದ ಹೀಮೊಫಿಲಸ್ಸನ್ನು ಹಾಕಿದಾಗ, ದಿನಗಳುರುಳಿದಂತೆ ಅದು ತೆರೆದಿದ್ದ ಕೋಶಗಳೇ ಮೇಲುಗೈ ಪಡೆದವು ಎಂದು 2015ರಲ್ಲಿ ಪ್ರಕಟವಾಯಿತು. ಮಕ್ಕಳ ಕಿವಿಸೋರಿಕೆಗೆ ಲಸಿಕೆ ರೂಪಿಸುವವರಿಗೆ ಇದು ಎಚ್ಚರಿಕೆ. ಹಿಬ್ ಲಸಿಕೆ ತಡೆಯುವುದು ಬಿ ಮಾದರಿಯ ಸಕ್ಕರೆ ಕವಚವಿರುವ ಹೀಮೊಫಿಲಸ್ಸನ್ನು. ಕಿವಿಯನ್ನು ಹೆಚ್ಚಾಗಿ ಕಾಡುವುದು ಕವಚವಿಲ್ಲದ್ದು. ಅದರ ಮೈಮೇಲಿನ ಯಾವುದೋ ಪ್ರೋಟೀನನ್ನು ಗುರಿಯಾಗಿ ಆರಿಸಿಕೊಂಡರೆ, ಫೇಸ್‌ವೇರಿಯಾನ್ ಹೊರಳಿದಾಗ ಆ ಪ್ರೋಟೀನೇ ಮಾಯವಾಗಬಹುದು.

ಸ್ಟ್ರೆಪ್ಟೊಕಾಕಸ್ ನ್ಯೂಮೊನಿಯೆ ಎಡವುವುದಿಲ್ಲ, ಕಲೆಸುತ್ತದೆ. ಮೀಥೈಲ್ ಕಿಣ್ವ ಯಾವ ಸಾಲನ್ನು ಹುಡುಕಬೇಕೆಂದು ಹೇಳುವ ಜೀನ್‌ನ ತುಂಡುಗಳು ಒಂದರ ಜಾಗಕ್ಕೆ ಒಂದು ಮಗುಚಿಕೊಂಡು ಆರು ರೂಪಗಳನ್ನು ತಾಳುತ್ತವೆ. ಆರೂ ರೂಪಗಳ ಗುರುತುಗಳು ಬೇರೆಬೇರೆ ಜಾಗಗಳಲ್ಲಿ ಬೀಳುತ್ತವೆ. 2014ರಲ್ಲಿ ಮಾರ್ಕೊ ಒಗ್ಗಿಯೋನಿ ಅವರ ತಂಡ ಇದನ್ನು ತೋರಿಸಿತು. ರೂಪ ಬದಲಾದಂತೆ ಬ್ಯಾಕ್ಟೀರಿಯಾದ ಸಕ್ಕರೆ ಕವಚದ ಜೀನ್‌ಗಳ ಕೆಲಸವೂ, ಇಲಿಗಳಲ್ಲಿ ರೋಗ ತರುವ ಶಕ್ತಿಯೂ ಬದಲಾದವು. ಮಗುವಿನ ಗಂಟಲಿನಲ್ಲಿ ತಿಂಗಳುಗಟ್ಟಲೆ ತೆಪ್ಪಗಿರುವ ಇದೇ ಬ್ಯಾಕ್ಟೀರಿಯಾ ಒಮ್ಮೆ ರಕ್ತಕ್ಕೆ ಇಳಿದು ಪ್ರಾಣಕ್ಕೆ ಎರವಾಗುವುದೇಕೆ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಉತ್ತರದ ಒಂದು ಭಾಗವಾದರೂ ಇದೆ.

ಜಠರ ಮತ್ತು ಕರುಳು

ಜಠರದ ಆಮ್ಲದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೊರಿ ಹುಣ್ಣಿಗೂ ಜಠರದ ಕ್ಯಾನ್ಸರಿಗೂ ಕಾರಣ. 1997ರಲ್ಲಿ ಅದರ 26695 ಎಂಬ ತಳಿಯ ಜೀನೋಮ್ ಬಿಡಿಸಿದಾಗ ಸುಮಾರು 16.7 ಲಕ್ಷ ಅಕ್ಷರಜೋಡಿಗಳ ಪುಟ್ಟ ಜೀನೋಮಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುರುತು-ಕತ್ತರಿ ಜೋಡಿಗಳ ಸುಳಿವು ಸಿಕ್ಕಿತು. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಇಷ್ಟು ಒತ್ತಾಗಿ ಕಾಣುವುದು ಅಪರೂಪ. ಅದಕ್ಕಿಂತ ಮುಖ್ಯವಾದದ್ದು, ಇಬ್ಬರು ರೋಗಿಗಳ ಹೆಲಿಕೋಬ್ಯಾಕ್ಟರ್‌ಗಳಲ್ಲಿ ಗುರುತುಗಳ ಗಣ ಒಂದೇ ಆಗಿರುವುದು ಅಪರೂಪ. ಹಲವು ಕಿಣ್ವಗಳ ಕತ್ತರಿ ಮೊಂಡಾಗಿಹೋಗಿದೆ, ಗುರುತು ಹಾಕುವ ಭಾಗ ಮಾತ್ರ ಬಾಳಿದೆ.

ಹಾಗೆ ಬಾಳಿದ ಗುರುತುಗಳ ಕೆಲಸವನ್ನು ತಾಳ್ಮೆಯಿಂದ ಬಿಡಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಡಿ. ಎನ್. ರಾವ್ ಅವರ ತಂಡ ಎದ್ದು ಕಾಣುತ್ತದೆ. ಹೆಲಿಕೋಬ್ಯಾಕ್ಟರ್‌ನ ಒಂದೊಂದೇ ಮೀಥೈಲ್ ಕಿಣ್ವವನ್ನು ಶುದ್ಧೀಕರಿಸಿ, ಅದು ಯಾವ ಸಾಲನ್ನು ಹಿಡಿಯುತ್ತದೆ, ಅದನ್ನು ಅಳಿಸಿದರೆ ಏನಾಗುತ್ತದೆ ಎಂದು ಅವರು ನೋಡಿದರು. ಒಂದೇ ಎಳೆಯ ಮೇಲೆ ಅಕ್ಕಪಕ್ಕದ ಎರಡು ಅಡೆನೀನುಗಳಿಗೆ ಮೀಥೈಲ್ ಹಾಕುವ ಅಪರೂಪದ ಕಿಣ್ವ ಸಿಕ್ಕಿತು. 2018ರಲ್ಲಿ ಕೋಲ್ಕತ್ತದ ಸಂಶೋಧಕರ ಜೊತೆಗೂಡಿ, 4-ಮೀಥೈಲ್ ಸೈಟೋಸೀನ್ ಹಾಕುವ ಕಿಣ್ವವೊಂದನ್ನು ಅಳಿಸಿದ ಹೆಲಿಕೋಬ್ಯಾಕ್ಟರ್ ಜಠರದ ಕೋಶಗಳಿಗೆ ಅಂಟಿಕೊಳ್ಳುವುದರಲ್ಲೂ ಉರಿಯೂತ ಎಬ್ಬಿಸುವುದರಲ್ಲೂ ಹಿಂದೆಬೀಳುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ಈ ಬಗೆಯ ಮೀಥೈಲ್ ಕತ್ತರಿಯಿಂದ ತಪ್ಪಿಸಿಕೊಳ್ಳುವುದಕ್ಕಷ್ಟೇ ಎಂಬ ಭಾವನೆ ಗಟ್ಟಿಯಾಗಿತ್ತು. ಹೆಲಿಕೋಬ್ಯಾಕ್ಟರ್ ಸೋಂಕು ಮನೆಮನೆಯಲ್ಲಿರುವ ದೇಶದಲ್ಲಿ ನಡೆದ ಈ ಕೆಲಸ ಕನ್ನಡ ಓದುಗರಿಗೆ ಇನ್ನೂ ಚೆನ್ನಾಗಿ ಪರಿಚಯವಾಗಬೇಕು.

ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಸ್ ಗುಂಪಿನವು ಹೇರಳವಾಗಿವೆ. ಅವುಗಳಲ್ಲಿ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಜೀನೋಮಿನ ತುಂಡುಗಳನ್ನು ಧಾರಾಳವಾಗಿ ಮಗುಚುತ್ತದೆ, ಗುರುತು ಹಾಕುವ ಕಿಣ್ವದ ಜೀನ್‌ಗಳೂ ಅದಕ್ಕೆ ಹೊರತಲ್ಲ. ಆದರೆ ಕರುಳಿನ ಅತ್ಯಂತ ಸ್ಪಷ್ಟವಾದ ಕಥೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನದು. ಪ್ರತಿಜೈವಿಕ ಔಷಧಗಳಿಂದ ಕರುಳಿನ ಉಳಿದ ಬ್ಯಾಕ್ಟೀರಿಯಾಗಳು ಅಳಿದಾಗ ಇದು ಹೆಚ್ಚಿಕೊಂಡು ಭೇದಿ ತರುತ್ತದೆ, ಬೀಜಾಣುಗಳಾಗಿ ಆಸ್ಪತ್ರೆಯ ನೆಲ-ಹಾಸಿಗೆಗಳಲ್ಲಿ ಬಹುಕಾಲ ಉಳಿಯುತ್ತದೆ. ನ್ಯೂಯಾರ್ಕಿನ ಗಾಂಗ್ ಫಾಂಗ್ ಮತ್ತು ಸಂಗಡಿಗರು ರೋಗಿಗಳಿಂದ ಪಡೆದ 36 ತಳಿಗಳ ಮೀಥೈಲ್ ನಕ್ಷೆ ತೆಗೆದಾಗ ಗುರುತುಗಳು ತಳಿಯಿಂದ ತಳಿಗೆ ಬದಲಾಗುತ್ತಿದ್ದವು, ಆದರೆ ಸಿ-ಎ-ಎ-ಎ-ಎ-ಎ ಎಂಬ ಸಾಲಿನ ಕೊನೆಯ ಅಡೆನೀನಿನ ಗುರುತು ಮಾತ್ರ ಎಲ್ಲದರಲ್ಲೂ ಇತ್ತು. ಅದನ್ನು ಹಾಕುವ ಕಿಣ್ವಕ್ಕೆ ಕ್ಯಾಮ್-ಎ ಎಂದು ಹೆಸರಾಯಿತು. ಅದನ್ನು ಅಳಿಸಿದ ತಳಿಯಲ್ಲಿ ಬೀಜಾಣುಗಳು ಕಡಿಮೆಯಾದವು, ಇಲಿಗಳ ಕರುಳಿನಲ್ಲಿ ಅದು ತಳವೂರಿ ಉಳಿಯಲೂ ಕಷ್ಟಪಟ್ಟಿತು.

ಗಂಧಕದ ಮಾರ್ಪಾಡಿಗೆ ಕರುಳಿನಲ್ಲಿ ಲಾಭವೂ ಇದೆ, ಗಂಡಾಂತರವೂ ಇದೆ. ಇ. ಕೋಲಿಯ ಬಿ7ಎ ಎಂಬ ಭೇದಿಕಾರಕ ತಳಿಯಲ್ಲಿ ಗಂಧಕ ಕೂರಬಹುದಾದ ಜಾಗಗಳಲ್ಲಿ ಸುಮಾರು ಎಂಟನೆಯ ಒಂದು ಭಾಗದಲ್ಲಿ ಮಾತ್ರ ಅದು ಕಾಣುತ್ತದೆ. ಉಳಿದವು ಗುರುತಿಲ್ಲದೆಯೂ ಕತ್ತರಿಗೆ ಬಲಿಯಾಗುವುದಿಲ್ಲ, ಮೀಥೈಲ್ ಜೋಡಿಗಳಲ್ಲಿ ಹೀಗಾಗದು. ಗಂಧಕ ಫೇಜ್‌ನಿಂದ ಕಾಯುತ್ತದೆ, ಸಣ್ಣಪುಟ್ಟ ಆಕ್ಸೀಕರಣವನ್ನೂ ತಾನೇ ಹೀರಿಕೊಂಡು ತಡೆಯಬಲ್ಲದು. ಆದರೆ ಕರುಳು ಉರಿಯೂತಕ್ಕೆ ಒಳಗಾದಾಗ ನಮ್ಮ ಬಿಳಿಯ ರಕ್ತಕಣಗಳು ಹೈಪೋಕ್ಲೋರಸ್ ಆಮ್ಲವನ್ನು ಸುರಿಸುತ್ತವೆ. ಅದು ಗಂಧಕವಿರುವ ಜಾಗದಲ್ಲೇ ಡಿಎನ್‌ಎಯನ್ನು ಒಡೆದುಹಾಕುತ್ತದೆ ಎಂದು ಡೆಡನ್ ತಂಡ 2017ರಲ್ಲಿ ತೋರಿಸಿತು. ವೈರಸ್ಸಿನ ಎದುರು ಕವಚವಾದದ್ದು ಮನುಷ್ಯನ ಎದುರು ಮರ್ಮಸ್ಥಾನವಾಗಿದೆ.

ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಅಡಗಿರುವ ಕ್ಷಯರೋಗಾಣುವಿಗೂ ಮಾಮ್-ಎ ಎಂಬ ಮೀಥೈಲ್ ಕಿಣ್ವವಿದೆ. ಹೆಸರು ಹತ್ತಿರವಾದರೂ ಮ್ಯೂ ಫೇಜ್‌ನ ಮಾಮ್ ಬೇರೆ. ಮಾಮ್-ಎಯನ್ನು ಅಳಿಸಿದರೆ ರೋಗಾಣು ಆಮ್ಲಜನಕದ ಕೊರತೆಯನ್ನು ಚೆನ್ನಾಗಿ ತಾಳಲಾರದು ಎಂದು 2013ರಲ್ಲಿ ತಿಳಿಯಿತು. ಕ್ಷಯದ ಗಂಟಿನೊಳಗೆ ಅದು ಎದುರಿಸುವುದು ಅಂಥದೇ ಉಸಿರುಗಟ್ಟಿಸುವ ಸ್ಥಿತಿಯನ್ನು.

ದೇಹ ಇದನ್ನು ಹೇಗೆ ಓದುತ್ತದೆ

ನಮ್ಮ ಡಿಎನ್‌ಎಯಲ್ಲಿ ಸಿ ನಂತರ ಜಿ ಬರುವ ಜಾಗಗಳಲ್ಲಿ ಹೆಚ್ಚಿನವಕ್ಕೆ 5-ಮೀಥೈಲ್ ಗುರುತಿರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಗುರುತಿರುವುದಿಲ್ಲ. 1995ರಲ್ಲಿ ಆರ್ಥರ್ ಕ್ರೀಗ್ ಮತ್ತು ಸಂಗಡಿಗರು ಗುರುತಿಲ್ಲದ ಸಿ-ಜಿ ಜಾಗಗಳು ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳನ್ನು ಕೆರಳಿಸುತ್ತವೆ ಎಂದು ಕಂಡರು. 2000ದಲ್ಲಿ ಜಪಾನಿನ ಶಿಝುಓ ಅಕಿರಾ ತಂಡ ಅದನ್ನು ಹಿಡಿಯುವ ಗ್ರಾಹಕವನ್ನು ಗುರುತಿಸಿತು, ಅದು ಟಿಎಲ್‌ಆರ್-9. ಅಂದರೆ ಬ್ಯಾಕ್ಟೀರಿಯಾಗಳು ತಮ್ಮದು ಮತ್ತು ಪರಕೀಯದ್ದನ್ನು ಮೀಥೈಲಿನಿಂದ ಬೇರ್ಪಡಿಸುವ ಹಾಗೆಯೇ ನಮ್ಮ ಕೋಶಗಳೂ ಬೇರೆ ದಾರಿಯಲ್ಲಿ ಅದೇ ಉಪಾಯಕ್ಕೆ ಬಂದಿವೆ.

ಗುರುತುಗಳನ್ನು ಓದುವ ವಿಧಾನ

ಸಾಮಾನ್ಯ ಡಿಎನ್‌ಎ ಓದಿನಲ್ಲಿ ಮೀಥೈಲ್ ಕಾಣುವುದಿಲ್ಲ, ಏಕೆಂದರೆ ಮಾದರಿಯನ್ನು ಮೊದಲು ಲಕ್ಷಾಂತರ ಪ್ರತಿ ಮಾಡುತ್ತಾರೆ, ಪ್ರತಿಗಳಲ್ಲಿ ಗುರುತು ಅಳಿಸಿಹೋಗಿರುತ್ತದೆ. 2010ರಲ್ಲಿ ಪೆಸಿಫಿಕ್ ಬಯೋಸೈನ್ಸಸ್‌ನ ವಿಜ್ಞಾನಿಗಳು ಬೇರೆ ದಾರಿ ತೋರಿಸಿದರು. ಒಂದೇ ಡಿಎನ್‌ಎ ಅಣುವನ್ನು ಒಂದೇ ಕಿಣ್ವ ನಕಲು ಮಾಡುವುದನ್ನು ನೇರವಾಗಿ ಗಮನಿಸಿದರೆ, ಮೀಥೈಲ್ ಇರುವ ಅಕ್ಷರದ ಬಳಿ ಕಿಣ್ವ ಸ್ವಲ್ಪ ತಡೆದು ಮುಂದೆ ಹೋಗುವುದು ಕಾಣುತ್ತದೆ. 6-ಮೀಥೈಲ್ ಅಡೆನೀನ್ ಮತ್ತು 4-ಮೀಥೈಲ್ ಸೈಟೋಸೀನ್ ಹೀಗೆ ಸುಲಭವಾಗಿ ಸಿಗುತ್ತವೆ. ಸಣ್ಣ ರಂಧ್ರದ ಮೂಲಕ ಎಳೆಯನ್ನು ತೂರಿಸಿ ವಿದ್ಯುತ್ ಪ್ರವಾಹದ ಏರಿಳಿತ ಅಳೆಯುವ ನ್ಯಾನೊಪೋರ್ ವಿಧಾನ ಮೂರನ್ನೂ ಓದಬಲ್ಲದು. 2016ರಲ್ಲಿ 230 ಬ್ಯಾಕ್ಟೀರಿಯಾ ಮತ್ತು ಆರ್ಕಿಯಾಗಳ ನಕ್ಷೆ ಪ್ರಕಟವಾದಾಗ ಶೇಕಡ 93ರಲ್ಲಿ ಮೀಥೈಲೀಕರಣವಿತ್ತು, 834 ಬೇರೆಬೇರೆ ಸಾಲುಗಳು ಗುರುತು ಹೊತ್ತಿದ್ದವು. ಡ್ಯಾಮ್‌ನಂಥ ಒಂಟಿ ಕಿಣ್ವಗಳು ಸುಮಾರು ಅರ್ಧದಷ್ಟು ಜೀವಿಗಳಲ್ಲಿ ಕಂಡವು. ಇಂಥ ಕಿಣ್ವಗಳನ್ನೆಲ್ಲ ದಾಖಲಿಸುವ ರೀಬೇಸ್ ಎಂಬ ದತ್ತಸಂಗ್ರಹವನ್ನು ದಶಕಗಳಿಂದ ಬೆಳೆಸಿಕೊಂಡು ಬಂದವರು ರಿಚರ್ಡ್ ರಾಬರ್ಟ್ಸ್.

ಮಲದ ಮಾದರಿಯಲ್ಲಿ ನೂರಾರು ಪ್ರಭೇದಗಳ ಡಿಎನ್‌ಎ ಬೆರೆತಿರುತ್ತದೆ. ಯಾವ ತುಣುಕು ಯಾರದು? ಒಂದೇ ಕೋಶದ ಮುಖ್ಯ ಡಿಎನ್‌ಎಗೂ ಅದರೊಳಗಿನ ಪ್ರತ್ಯೇಕ ಪುಟ್ಟ ಡಿಎನ್‌ಎ ತುಣುಕಾದ ಪ್ಲಾಸ್ಮಿಡ್‌ಗೂ ಒಂದೇ ಬಗೆಯ ಮೀಥೈಲ್ ಗುರುತಿರುವುದರಿಂದ, ಗುರುತು ನೋಡಿ ಪ್ಲಾಸ್ಮಿಡ್ ಯಾವ ಬ್ಯಾಕ್ಟೀರಿಯಾದ್ದೆಂದು ಹೇಳಬಹುದು. 2018ರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಫಾಂಗ್ ತಂಡ ಇದನ್ನು ಮಾಡಿ ತೋರಿಸಿತು. ಪ್ರತಿಜೈವಿಕ ನಿರೋಧದ ಜೀನ್‌ಗಳು ಹೆಚ್ಚಾಗಿ ಪ್ಲಾಸ್ಮಿಡ್‌ಗಳಲ್ಲೇ ತಿರುಗಾಡುವುದರಿಂದ, ಅವು ಯಾರ ಮನೆಯಲ್ಲಿವೆ ಎಂದು ತಿಳಿಯುವುದು ಈ ವಿಧಾನದ ಅತ್ಯಂತ ಬೆಲೆಯುಳ್ಳ ಪ್ರಯೋಜನ ಎಂದೇ ಹೇಳಬೇಕು.

ಬ್ಯಾಕ್ಟೀರಿಯಾಗಳ ಗುರುತು ವಿಜ್ಞಾನವನ್ನು ದಾರಿ ತಪ್ಪಿಸಿದ್ದೂ ಉಂಟು. ಪ್ರಾಣಿ, ಸಸ್ಯಗಳ ಡಿಎನ್‌ಎಯಲ್ಲೂ 6-ಮೀಥೈಲ್ ಅಡೆನೀನ್ ಗಣನೀಯವಾಗಿದೆ ಎಂಬ ವರದಿಗಳು 2015ರ ನಂತರ ಸಾಲುಸಾಲಾಗಿ ಬಂದವು. 2022ರಲ್ಲಿ ಫಾಂಗ್ ತಂಡವೇ ಮರುಪರೀಕ್ಷಿಸಿದಾಗ, ಹಣ್ಣುನೊಣ ಮತ್ತು ಅರಾಬಿಡಾಪ್ಸಿಸ್ ಗಿಡದ ಮಾದರಿಗಳಲ್ಲಿ ಸಿಕ್ಕ ಗುರುತಿನ ಬಹುಪಾಲು ಅವುಗಳೊಂದಿಗೆ ಬೆರೆತ ಬ್ಯಾಕ್ಟೀರಿಯಾಗಳದೆಂದು ತಿಳಿಯಿತು; ಮನುಷ್ಯರ ಮಾದರಿಗಳಲ್ಲೂ ಹಿಂದೆ ಹೇಳಿದಷ್ಟು ಮಟ್ಟಕ್ಕೆ ಆಧಾರ ಸಿಗಲಿಲ್ಲ.

ಬಳಕೆ

ದೇಹದ ಬ್ಯಾಕ್ಟೀರಿಯಾಗಳಿಗೆ ಹೊಸ ಜೀನ್ ಸೇರಿಸಿ ಅಧ್ಯಯನ ಮಾಡಹೊರಟವರಿಗೆ ಮೊದಲು ಎದುರಾಗುವ ಗೋಡೆ ಈ ಗುರುತುಗಳೇ. ಮೂಗಿನಲ್ಲಿ ವಾಸಿಸುವ ಸ್ಟಫೈಲೊಕಾಕಸ್ ಆರಿಯಸ್ ಪ್ರಯೋಗಾಲಯದ ಇ. ಕೋಲಿಯಿಂದ ಬಂದ ಪ್ಲಾಸ್ಮಿಡ್ಡನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಏಕೆಂದರೆ ಇ. ಕೋಲಿ ಸೈಟೋಸೀನಿಗೆ ಹಾಕುವ ಮೀಥೈಲನ್ನು ಕಂಡರೆ ಕತ್ತರಿಸುವ ಕಿಣ್ವ ಅದರಲ್ಲಿದೆ. ದಶಕಗಳ ಕಾಲ ಕತ್ತರಿ ಕೆಟ್ಟ ಆರ್‌ಎನ್-4220 ಎಂಬ ಒಂದೇ ತಳಿಯ ಮೂಲಕ ಸುತ್ತುಹಾದಿ ಹಿಡಿಯಬೇಕಿತ್ತು. 2012ರಲ್ಲಿ ಇಯನ್ ಮಾಂಕ್, ಟಿಮತಿ ಫಾಸ್ಟರ್ ಮತ್ತಿತರರು ಆ ಮೀಥೈಲ್ ಹಾಕದ ಇ. ಕೋಲಿಯನ್ನೇ ತಯಾರಿಸಿ ಹಾದಿ ನೇರ ಮಾಡಿದರು. 2019ರಲ್ಲಿ ಕ್ರಿಸ್ಟಫರ್ ಜಾನ್‌ಸ್ಟನ್ ಮತ್ತು ಸಂಗಡಿಗರು ಇನ್ನೊಂದು ಬಗೆ ಕಂಡುಕೊಂಡರು: ಗುರಿಯ ಬ್ಯಾಕ್ಟೀರಿಯಾದ ಮೀಥೈಲ್ ನಕ್ಷೆಯನ್ನು ಮೊದಲು ಓದಿ, ಅದರ ಕತ್ತರಿ ಹುಡುಕುವ ಸಾಲುಗಳೇ ಇಲ್ಲದಂತೆ ಪ್ಲಾಸ್ಮಿಡ್ಡನ್ನು ಹೊಸದಾಗಿ ಬರೆಯುವುದು.

ಔಷಧದ ಕಡೆಯಲ್ಲಿ ಸದ್ಯಕ್ಕೆ ಹೆಚ್ಚು ಭರವಸೆ ಮೂಡಿಸಿರುವುದು ಕ್ಯಾಮ್-ಎ. ಡಿಎನ್‌ಎಯನ್ನು ಹಿಡಿದುಕೊಂಡಿರುವ ಅದರ ರಚನೆ 2021ರಲ್ಲಿ ತಿಳಿದುಬಂತು. ಅದನ್ನು ತಡೆಯುವ ಅಡೆನೋಸೀನ್ ಮಾದರಿಯ ಸಂಯುಕ್ತಗಳ ಹುಡುಕಾಟ ಶುರುವಾಗಿದೆ. ಡಿಫಿಸಿಲ್ ಕೋಶ ಕ್ಯಾಮ್-ಎ ಇಲ್ಲದೆಯೂ ಬದುಕುತ್ತದೆ. ಹಾಗಾಗಿ ಅದನ್ನು ತಡೆಯುವ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೀಜಾಣು ಕಟ್ಟುವುದನ್ನು ಕುಗ್ಗಿಸುತ್ತದೆ ಅಷ್ಟೆ. ಕರುಳಿನ ಉಳಿದ ಬ್ಯಾಕ್ಟೀರಿಯಾಗಳಲ್ಲಿ ಈ ಕಿಣ್ವ ಬಹುಮಟ್ಟಿಗೆ ಇಲ್ಲದಿರುವುದರಿಂದ, ಪ್ರತಿಜೈವಿಕಗಳು ನಾಶಮಾಡುವ ನೆರೆಹೊರೆಯ ಪ್ರಭೇದಗಳಿಗೆ ಇಂಥ ಔಷಧದಿಂದ ಹಾನಿ ತಟ್ಟಬೇಕಾಗಿಲ್ಲ.